ಐದನೆಯ ಚುಕ್ಕಿ

ಸಂಸೆಯ ಹತ್ತಿರದ ಹೈಸ್ಕೂಲಿನಲ್ಲಿ ನಾನು ಭೂಗೋಳದ ಮೇಷ್ಟ್ರು. ಅಕ್ಷಾಂಶ, ರೇಖಾಂಶ ಉರು ಹೊಡೆಸಿ ನನಗೇ ಬೇಸರ ಬಂದಿತ್ತು. ಶಾಲೆಗೆ ಕಂಪ್ಯೂಟರ್ ಬಂದ ಮಳೆಗಾಲದಲ್ಲಿ, ಉಪಗ್ರಹದ ಚಿತ್ರದ ಮೇಲೆ ನಮ್ಮದೇ ನಕ್ಷೆ ಮಾಡೋಣ ಎಂದೆ. ಮಕ್ಕಳು ಮನೆಯ ಹಿರಿಯರಿಂದ ಒಂದು ಜಾಗದ ಕಥೆ ಕೇಳಿ ಬರಬೇಕು, ಆ ಜಾಗಕ್ಕೆ ಕೆಂಪು ಚುಕ್ಕಿ ಇಡಬೇಕು. ಚುಕ್ಕಿ ಒತ್ತಿದರೆ ಕಥೆ ತೆರೆದುಕೊಳ್ಳುತ್ತದೆ.

ನಮ್ಮ ಕಡೆ ಮಂಜಿನಲ್ಲಿ ದಾರಿ ತಪ್ಪಿದವರು 'ಕೂ' ಹಾಕುತ್ತಾರೆ. ಆದರೆ ಮೊದಲ ಕೂಗಿಗೆ ಯಾರೂ ಓಗೊಡುವುದಿಲ್ಲ. ಓಗೊಟ್ಟವರ ಜೀವ ಒಯ್ಯುವ ಕೂಗುಮಾರಿ ಎಂಬ ದೆವ್ವ ಒಂದೇ ಸಲ ಕೂಗುತ್ತದಂತೆ, ಮನುಷ್ಯನಾದರೆ ಮೂರು ಸಲ. ಕೂಗುಮಾರಿಯ ಕೂಗು ಕೇಳಿದ್ದನ್ನು ಮನೆಯಾಚೆ ಆಡಬಾರದು ಎಂಬುದೂ ಒಂದು ಕಟ್ಟಳೆ.

ಮಕ್ಕಳು ತಂದ ಕಥೆಗಳಲ್ಲಿ ನಾಲ್ಕು ಕೂಗುಮಾರಿಯವೇ. ನಗುತ್ತಲೇ ಓದಿದೆ. ಮನೆ ಬೇರೆ, ಜಾಗ ಬೇರೆ. ಆದರೆ ನಾಲ್ಕರಲ್ಲೂ ಹದಿನಾಲ್ಕು ವರ್ಷದ ಹಿಂದಿನ ಭೀಮನ ಅಮಾವಾಸ್ಯೆ, ಹಾಡುಹಗಲೇ ಕವಿದ ಮಂಜು, ಒಂದೇ ಕೂಗು. ಚುಕ್ಕಿಗಳನ್ನು ಇಟ್ಟು ಮುಗಿಸಿದಾಗ ನನ್ನ ನಗು ನಿಂತಿತು. ಗುಡ್ಡದ ನೆತ್ತಿಯಿಂದ ಕಾಫಿ ತೋಟದ ಅಂಚು ಹಿಡಿದು ಅವು ಸಾಲಾಗಿ ಇಳಿದಿದ್ದವು, ಯಾರೋ ನಡೆದು ಬಂದ ಹಾಗೆ. ಕಿಟಕಿಯಾಚೆ ಮಂಜು ಕವಿದು ಆಟದ ಬಯಲು ಕಾಣುತ್ತಿರಲಿಲ್ಲ.

ಹಿಂದಿನ ಬೆಂಚಿನ ಹುಡುಗಿ ಎದ್ದು ಬಂದಳು. ಅವಳು ತಿಂಗಳ ಕೂಸಾಗಿದ್ದಾಗ, ತವರಿನಲ್ಲಿದ್ದ ಬಾಣಂತಿ ಹೆಂಡತಿಯನ್ನು ನೋಡಲು ಅದೇ ಹಬ್ಬದಂದು ಗುಡ್ಡ ಹತ್ತಿ ಇಳಿಯಲು ಹೊರಟ ಅಪ್ಪ ತಲುಪಿರಲೇ ಇಲ್ಲ. ಅವನು ಘಟ್ಟದ ಕೆಳಗಿನವನು, ಮೂರು ಕೂಗಿನ ಕಟ್ಟಳೆ ತಿಳಿಯದವನು; ಘಟ್ಟ ಇಳಿದು ಓಡಿಹೋದ ಎಂದು ಊರು ತೀರ್ಮಾನಿಸಿತ್ತು. ಬಿಟ್ಟುಹೋದವನ ಮಗಳು ಎನ್ನಿಸಿಕೊಂಡೇ ಅವಳು ಬೆಳೆದಿದ್ದಳು.

"ಸಾರ್, ಇದು ನಮ್ಮ ಅಜ್ಜಿಮನೆ ದಾರಿ ಅಲ್ವಾ?" ಅವಳ ಬೆರಳು ನಾಲ್ಕನೆಯ ಚುಕ್ಕಿಯ ಮೇಲಿತ್ತು. "ಇಲ್ಲಿಂದ ಕೆಳಗೆ ಯಾರಿಗೂ ಕೇಳ್ಲಿಲ್ವಾ?"

ನನಗೆ ಕೇಳಿಸಿತ್ತು. ಆಗಷ್ಟೇ ಕೆಲಸಕ್ಕೆ ಸೇರಿದ್ದ ನಾನು ಆ ಮಧ್ಯಾಹ್ನ ಬಸ್ಸಿಲ್ಲದೆ ಕಾಲುದಾರಿಯಲ್ಲಿ ಬರುತ್ತಿದ್ದೆ. ಕೆಳಗಿನ ಕಮರಿಯಿಂದ ಒಂದು ಕೂಗು ಬಂತು. ತೀರಾ ಸೋತ ದನಿ. ಭೂಮಿ ಗುಂಡಗಿದೆ ಎಂದು ಪಾಠ ಹೇಳುವ ಮಹಾಶಯ ಮರ ತಬ್ಬಿ ನಿಂತು ಇನ್ನೆರಡು ಕೂಗಿಗೆ ಕಾದೆ. ಬರಲಿಲ್ಲ. ಎದ್ದೆನೋ ಬಿದ್ದೆನೋ ಎಂದು ಓಡಿದೆ. ಅವನು ಓಡಿಹೋದ ಎಂದು ಊರು ಅಂದಾಗ ನಂಬಿದೆ. ನಂಬಿದರೆ ನನಗೇ ಸಲೀಸಿತ್ತು. ಇಂದಿಗೂ ಅದು ನೆನಪಾದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮೌಸ್ ಹಿಡಿದು ಕಮರಿಯ ಮೇಲೆ ಐದನೆಯ ಚುಕ್ಕಿ ಇಟ್ಟೆ. ಆ ಮಧ್ಯಾಹ್ನದ ಕಥೆಯನ್ನು ಮಕ್ಕಳೆದುರೇ ಹೇಳಿದೆ. ಚುಕ್ಕಿಯಿಂದ ಅವಳ ಅಜ್ಜಿಮನೆಯ ಹೆಂಚಿನ ಮಾಡಿಗೆ ಪರದೆಯ ಮೇಲೆ ಎರಡು ಬೆರಳು ಅಂತರ.

ಅವಳು ಅದನ್ನೇ ನೋಡುತ್ತಾ ನಿಂತಳು. "ಅಪ್ಪ ನಮ್ಮನೆಗೇ ಬರ್ತಿದ್ರಾ ಸಾರ್?"

ಎರಡನೆಯ ಸಲ ಕೇಳುವವರೆಗೆ ಕಾಯಲಿಲ್ಲ.

"ಹೌದು ಮಗಾ," ಎಂದೆ. "ನಿನ್ನನ್ನ ನೋಡೋಕೇ ಬರ್ತಿದ್ರು."