ಹುಣಸೆಹಣ್ಣಿನಲ್ಲಿ ತೊಳೆದ ರಾಜ

ಆ ದಿನಗಳಲ್ಲಿ ಬ್ರಿಸ್ಬೇನಿನ ಕ್ಯಾಲಮ್‌ವೇಲ್‌ನಲ್ಲಿದ್ದ ನಮ್ಮ ಅಡುಗೆಮನೆಯಲ್ಲಿ ಒಗ್ಗರಣೆಯ ಜೊತೆಗೆ ಹಳೇ ಮಣ್ಣಿನ ವಾಸನೆಯೂ ಇರುತ್ತಿತ್ತು. ಅಪ್ಪ ಕಾಯಿಲೆ ಬಿದ್ದು ಆಫೀಸು ಬಿಟ್ಟ ಚಳಿಗಾಲ ಅದು. ಹೊತ್ತು ಕಳೆಯಲೆಂದು ಮಣ್ಣು ಮೆತ್ತಿದ ರೋಮನ್ ನಾಣ್ಯಗಳನ್ನು ಆನ್‌ಲೈನಿನಲ್ಲಿ ತರಿಸಿ, ಉಪ್ಪಿನಕಾಯಿಯ ಖಾಲಿ ಬಾಟಲಿಯಲ್ಲಿ ನೀರು ತುಂಬಿ ನೆನೆಹಾಕಿದ್ದರು. ಹಿತ್ತಲ ಕ್ರಿಕೆಟ್ ಬಿಟ್ಟು ನಾನು ಪಕ್ಕದಲ್ಲಿ ಕೂರುತ್ತಿದ್ದೆ. ಅವರು ಟೂತ್‌ಪಿಕ್ಕಿನಲ್ಲಿ ಚೂರುಚೂರೇ ಕೆರೆಯುತ್ತಿದ್ದರು. ತಾಳ್ಮೆಗೂ ನನಗೂ ಎಣ್ಣೆ ಸೀಗೆಕಾಯಿ. ಚಾಕು ತರಲೇ ಎಂದು ಪೀಡಿಸುತ್ತಿದ್ದೆ.

ರೋಮನ್ನರ ಕಾಲದಲ್ಲಿ ರಾಜನನ್ನು ಕಣ್ಣಾರೆ ಕಂಡವರು ಕಡಿಮೆಯಂತೆ. ನಾಣ್ಯದ ಮೇಲಿನ ಮುಖ ಬದಲಾದಾಗಲೇ ಎಷ್ಟೋ ಊರುಗಳಿಗೆ ಹೊಸಬ ಬಂದದ್ದು ತಿಳಿಯುತ್ತಿತ್ತಂತೆ. ಹಿಂಬದಿಯಲ್ಲಿ ಗೋಧಿಯ ತೆನೆ, ನಿಮಗೆ ಅನ್ನ ಹಾಕುವವನು ನಾನೇ ಎಂಬ ಜಂಬ.

"ಆದ್ರೆ ಇವನ ಮೂಗು ಸವೆಸಿದ್ದು ಬ್ರೆಡ್ ಕೊಳ್ಳೋಕೆ ಬಂದೋರ ಬೆರಳು, ಪುಟ್ಟಿ," ಎಂದು ಅಪ್ಪ ನಗುತ್ತಿದ್ದರು.

ಒಂದು ನಾಣ್ಯದ ಮೇಲಂತೂ ಅವರಿಗೆ ವಿಪರೀತ ಮೋಹ. ಒಂದು ಕಿವಿ, ಗಡ್ಡದ ತುದಿ ಅಷ್ಟೇ ಮಣ್ಣಿನಿಂದ ಹೊರಬಂದಿತ್ತು. ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿದ್ದು ಮನೆಯವರಿಗೆಲ್ಲ ಗೊತ್ತಿತ್ತು.

"ಇವನ್ಯಾರು ಅಂತ ನೋಡ್ಕೊಂಡೇ ಹೋಗ್ತೀನಿ," ಎನ್ನುತ್ತಿದ್ದರು.

ಮಗನ ಆರೈಕೆಗೆಂದು ಅಜ್ಜಿ ಮೈಸೂರಿನಿಂದ ಬಂದಿದ್ದರು. ವರಮಹಾಲಕ್ಷ್ಮಿ ಹಬ್ಬ ಬಂತು. ಹಬ್ಬವೆಂದರೆ ನಿಮ್ಮ ಮನೆಯಲ್ಲೂ ಸಿಂಕಿನ ಪಕ್ಕ ಹುಣಸೆಹಣ್ಣಿನ ಉಂಡೆ ಕಾದಿರುತ್ತಿತ್ತಲ್ಲವೇ? ಮಗನ ನಾಣ್ಯಗಳನ್ನೇ ದೇವಿಯ ಮುಂದಿಟ್ಟು ಅವನ ಆಯುಸ್ಸು ಬೇಡೋಣವೆಂದು, ಅಜ್ಜಿ ದೀಪಗಳ ಜೊತೆ ಅವನ್ನೂ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ ತಿಕ್ಕಿ ತೊಳೆದಿದ್ದರು. ಆ ಮುಖ ಉಳಿದಿದ್ದುದೇ ಮೇಲಿನ ಹಸಿರು ಕಿಲುಬಿನಲ್ಲಿ ಎಂದು ಅವರಿಗೇನು ಗೊತ್ತು! ಒಬ್ಬಟ್ಟಿನ ಘಮದ ನಡುವೆ, ಕಲಶದ ಮುಂದಿನ ತಟ್ಟೆಯಲ್ಲಿ ಹೊಳೆಯುವ ಬರೀ ಬಿಲ್ಲೆಗಳಿದ್ದವು. ಕಿವಿಯೂ ಇಲ್ಲ, ಗಡ್ಡವೂ ಇಲ್ಲ.

ನಾನು ಕೂಗಲು ಬಾಯಿ ತೆರೆದಾಗ ಅಪ್ಪ ನನ್ನ ಕೈ ಗಟ್ಟಿಯಾಗಿ ಹಿಡಿದರು.

"ಬಂಗಾರದ ಥರ ಮಾಡ್ಬಿಟ್ಟಿದ್ದೀಯಲ್ಲಮ್ಮ," ಎಂದರು. ಅಜ್ಜಿಯ ಮುಖ ಅರಳಿತು.

ಆಮೇಲೆ ನನ್ನನ್ನು ಹತ್ತಿರ ಕರೆದು, "ಯಾವತ್ತೂ ಹೇಳ್ಬೇಡ. ಮಗನಿಗೇನೋ ಮಾಡ್ದೆ ಅನ್ನೋ ಸಮಾಧಾನ ಅವಳಿಗಿರ್ಲಿ," ಎಂದರು.

ಸ್ಕೂಲಿಗೆ ಮುಂದಿನ ರಜೆ ಬರುವ ಮೊದಲೇ ಅಪ್ಪ ಹೋದರು. ಮೈಸೂರಿಗೆ ಮರಳಿದ ಅಜ್ಜಿ, ಫೋನ್ ಮಾಡಿದಾಗಲೆಲ್ಲ ಆ ನಾಣ್ಯಗಳು ಹೇಗೆ ಹೊಳೆದವು, ಅವನು ಎಷ್ಟು ಖುಷಿಪಟ್ಟ ಎಂದು ಹೇಳಿಕೊಂಡು ಅಳುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆ. ಹೋದ ವರ್ಷ ಅವರೂ ತೀರಿಕೊಂಡರು.

ಇದನ್ನು ಕೇಳಿ ನೋಯುವವರು ಈಗ ಯಾರೂ ಉಳಿದಿಲ್ಲ. ಉಳಿದಿದ್ದರೆ ನಾನು ಬರೆಯುತ್ತಲೂ ಇರಲಿಲ್ಲ.