ದೊಡ್ಡಮ್ಮ ಮುಟ್ಟಿ ನೋಡಿದ ದೀಪ

ದೀಪಾವಳಿ ಹತ್ತಿರವಾಗಿತ್ತು. ಚಿಕ್ಕಬಳ್ಳಾಪುರದ ಒಂದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ದೀಪದ ಸೀರಿಯಲ್ ಸೆಟ್ಟು ಆರಿಸುತ್ತಿದ್ದೆ. ಅಂಗಡಿಯವನು ಒಂದು ಸರವನ್ನು ಪ್ಲಗ್ಗಿಗೆ ಸಿಕ್ಕಿಸಿದ. ಅದು ಜಗ್ಗನೆ ಹೊತ್ತಿಕೊಂಡದ್ದೇ ತಡ, ನನ್ನ ಕೈ ತಾನಾಗಿಯೇ ಹೋಗಿ ಒಂದು ಪುಟ್ಟ ಬಲ್ಬನ್ನು ಹಿಡಿಯಿತು.

"ಏನ್ ಸಾರ್, ಜ್ವರ ನೋಡ್ತಿದೀರಾ?" ಎಂದು ಅವನು ನಕ್ಕ.

ನಗಲಿ ಬಿಡಿ. ದೀಪವನ್ನು ಕೈಯಿಂದ ನೋಡುವ ಈ ಚಾಳಿ ನನಗೆ ಬಂದದ್ದು ಮಂಡಿಕಲ್ಲಿನ ನಮ್ಮ ದೊಡ್ಡಮ್ಮನಿಂದ.

ದೊಡ್ಡಮ್ಮನದು ರೇಷ್ಮೆ ಹುಳು ಸಾಕುವ ಮನೆ. ಹೊಗೆ ಹುಳುವಿಗೆ ಆಗದೆಂದು ಅಲ್ಲಿ ಪಟಾಕಿಗೆ ಪ್ರವೇಶವಿಲ್ಲ. ಊರೆಲ್ಲ ಢಂ ಢಂ ಎನ್ನುವಾಗ ನಾವು ಮಕ್ಕಳು ಮುಖ ಊದಿಸಿಕೊಂಡು ಕೂರುತ್ತಿದ್ದೆವು. ನಮ್ಮ ಸಮಾಧಾನಕ್ಕೆಂದೇ ಆಕೆ ಜಗಲಿಗೆ ಬಣ್ಣದ ಬಲ್ಬಿನ ಸರ ಕಟ್ಟಿಸುತ್ತಿದ್ದಳು. ಮುಟ್ಟಿದರೆ ಚುರುಕ್ ಎನ್ನುವ ಹಳೇ ಬಲ್ಬುಗಳು. ಒಂದು ಕೆಟ್ಟರೆ ಇಡೀ ಸರ ಕಣ್ಣು ಮುಚ್ಚುತ್ತಿತ್ತು. ಕೆಟ್ಟದ್ದು ಯಾವುದೆಂದು ಹುಡುಕುವುದರಲ್ಲೇ ನಮ್ಮ ಅರ್ಧ ಹಬ್ಬ ಮುಗಿಯುತ್ತಿತ್ತು. ಆ ಸುಖ ಪಟಾಕಿಯಲ್ಲಿ ಎಲ್ಲಿ ಬರಬೇಕು ಹೇಳಿ!

ಮುಂದೆ ನನಗೆ ಕಚೇರಿಯ ಕೆಲಸ ಸಿಕ್ಕಿತು, ಅದರ ಜೊತೆಗೇ ಕರೆಂಟು ಉಳಿಸುವ ಹುಚ್ಚೂ ಹತ್ತಿತು. ಅರ್ಧ ಕಲಿತವನ ಅಬ್ಬರ ಹೆಚ್ಚು ಎನ್ನುತ್ತಾರಲ್ಲ, ಹಾಗೆ. ಒಂದು ದೀಪಾವಳಿಗೆ ಚಿಂತಾಮಣಿಯಿಂದ ಚೀಲದ ತುಂಬ ಎಲ್‌ಇಡಿ ಹೊತ್ತುಕೊಂಡು ದೊಡ್ಡಮ್ಮನ ಮನೆಗೆ ಹೋದೆ.

ಆಕೆ ಉರಿಯುತ್ತಿದ್ದ ಹೊಸ ಸರವನ್ನು ಮುಟ್ಟಿ ನೋಡಿದಳು. "ಇದೇನಪ್ಪಾ, ಕಾವೇ ಇಲ್ಲ! ಬೆಳ್ಳಗಿರೋದೆಲ್ಲ ಹಾಲಲ್ಲ ಕಣೋ."

"ಕಾವ್ಯಾಕೆ ದೊಡ್ಡಮ್ಮ? ಹಳೇ ಬಲ್ಬು ತಿನ್ನೋ ಕರೆಂಟೆಲ್ಲ ಬಿಸಿಗೇ ಹೋಗತ್ತೆ. ಬರೀ ದಂಡ," ಎಂದು ಭಾಷಣ ಬಿಗಿದೆ.

ಅಷ್ಟಕ್ಕೆ ಬಿಟ್ಟೆನೇ? ಸಂಜೆ ಆಕೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ತರಲು ತೋಟಕ್ಕೆ ಹೋದಾಗ ಮನೆಯ ಬಲ್ಬುಗಳನ್ನೆಲ್ಲ ಬಿಚ್ಚಿ ಎಲ್‌ಇಡಿ ಹಾಕಿದೆ. ಹುಳುಮನೆಯ ನಾಲ್ಕು ದೊಡ್ಡ ಬಲ್ಬುಗಳನ್ನೂ ಬಿಡಲಿಲ್ಲ. ಹುಳುಗಳೇನು ಪರೀಕ್ಷೆಗೆ ಓದಬೇಕೇ, ಅವಕ್ಕೇಕೆ ಅಷ್ಟು ಬೆಳಕು ಎಂಬುದು ನನ್ನ ಜಾಣತನ. ಅಲ್ಲಿ ಹಾಕಿದ ಎಲ್‌ಇಡಿಗಳ ಬೆಳಕೂ ಹಳದಿಯೇ; ಕೋಣೆಯಲ್ಲಿ ಹಗಲಿನ ಕಾವೂ ಇನ್ನೂ ಉಳಿದಿದ್ದರಿಂದ, ಸೊಪ್ಪು ಹಾಕಲು ಹೋದ ದೊಡ್ಡಮ್ಮನಿಗೂ ಗೊತ್ತಾಗಲಿಲ್ಲ.

ಬೆಳಿಗ್ಗೆ ಹುಳುಮನೆಯಿಂದ "ಅಯ್ಯೋ ದೇವುಡಾ!" ಎಂಬ ಕೂಗು ಕೇಳಿ ಓಡಿದೆ. ಹಿಂದಿನ ಸಂಜೆಯ ಸೊಪ್ಪು ತಟ್ಟೆಗಳಲ್ಲಿ ಹಾಗೆಯೇ ಬಾಡಿತ್ತು. ಮರಿಹುಳುಗಳು ಥಂಡಿಗೆ ಮಂಕಾಗಿ, ಕದಲದೆ ಬಿದ್ದಿದ್ದವು. ಆ ಬಲ್ಬುಗಳನ್ನು ಅಲ್ಲಿ ಹಾಕಿದ್ದು ಕಾವಿಗಾಗಿ! ಆ ಮನೆಯವರ ಒಂದು ಬೆಳೆಯೇ ನನ್ನಿಂದ ಹಾಳಾಯಿತಲ್ಲ ಎಂದು ನನಗೆ ಅಳುವೇ ಬಂತು.

ದೊಡ್ಡಮ್ಮ ಬಯ್ಯಲಿಲ್ಲ. "ನಿಂತು ನೋಡಿದ್ರೆ ಹುಳ ಏಳಲ್ಲ ಕಣಪ್ಪ. ಬಲ್ಬು ತಗೊಂಬಾ. ಅಟ್ಟದ ಮೇಲಿರೋ ಹಳೇ ಸರಾನೂ ತಗೊಂಬಾ," ಅಂದಳು.

ಬಲ್ಬುಗಳನ್ನು ಮತ್ತೆ ಹಾಕಿ, ಹಳೇ ಬಣ್ಣದ ಸರವನ್ನು ತಟ್ಟೆಗಳ ಸ್ಟ್ಯಾಂಡಿನ ಸುತ್ತ ಕಟ್ಟಿದೆ. ಆಕೆ ಎಳೆಸೊಪ್ಪು ಹೆಚ್ಚಿ ಉದುರಿಸಿದಳು. ನಾನು ಗಳಿಗೆಗೊಮ್ಮೆ ಹೋಗಿ ಇಣುಕುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಒಂದು ಹುಳು ತಲೆಯೆತ್ತಿತು, ಆಮೇಲೆ ಪಕ್ಕದ್ದು. ಸಂಜೆಗೆ ತಟ್ಟೆಯಲ್ಲಿ ಬರೀ ಎಲೆಯ ನಾರು ಉಳಿದಿತ್ತು. ಯಾರು ಊಟ ಮಾಡಿದ್ದಕ್ಕೂ ನಾನು ಜೀವನದಲ್ಲಿ ಅಷ್ಟು ಸಂತೋಷಪಟ್ಟಿಲ್ಲ.

ಆ ವರ್ಷ ಜಗಲಿಗೆ ನನ್ನ ತಣ್ಣನೆಯ ದೀಪ, ಹುಳುಮನೆಗೆ ಕೆಂಪು, ಹಸಿರು, ನೀಲಿ. ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತು, "ಏನಕ್ಕಾ, ಹುಳಕ್ಕೂ ದೀಪಾವಳೀನಾ?" ಎಂದಳು. "ಹೂಂ ಮತ್ತೆ, ನಮ್ಮ ಹುಡುಗನ ಸೇವೆ," ಎಂದು ದೊಡ್ಡಮ್ಮ ನನ್ನ ಕಡೆ ನೋಡಿ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ.

ಇದೆಲ್ಲ ನೆನಪಾಗಿ, ಅಂಗಡಿಯಲ್ಲಿ ನಿಂತೇ ದೊಡ್ಡಮ್ಮನಿಗೆ ಫೋನ್ ಮಾಡಿದೆ. "ದೀಪದ ಸರ ತಗೊಳ್ತಿದೀನಿ ದೊಡ್ಡಮ್ಮ. ನಿಂಗೂ ತರ್ಲಾ?"

"ಮುಟ್ಟಿ ನೋಡಿದ್ಯಾ?"

"ನೋಡ್ದೆ. ತಣ್ಣಗಿದೆ."

"ಹಂಗಾದ್ರೆ ಜಗಲಿಗೆ ತಾ. ಮರಿಹುಳ ಬಂದವೆ, ಈ ಸಲ ಥಂಡಿನೂ ಜಾಸ್ತಿ. ಹುಳುಮನೆ ಕಡೆ ಮಾತ್ರ ಕೈ ಕಟ್ಕೊಂಡ್ ಬಾ."

ಎರಡು ಎಲ್‌ಇಡಿ ಸರ ಕಟ್ಟಿಸಿದೆ. ಹೊರಡುವವನು ಮತ್ತೆ ತಿರುಗಿ, "ಹಳೇ ಥರದ್ದು, ನೂರು ವ್ಯಾಟಿನ ಬಲ್ಬು ಇದ್ರೆ ನಾಲ್ಕು ಕೊಡಿ," ಎಂದೆ.

ಅಂಗಡಿಯವನು ನನ್ನನ್ನೇ ನೋಡಿದ. "ಈ ಕಾಲದಲ್ಲಿ ಅದ್ಯಾರಿಗೆ ಸಾರ್?"

"ಹುಳಕ್ಕೆ," ಎಂದೆ. "ಅವಕ್ಕೂ ಹಬ್ಬ ಆಗ್ಬೇಕಲ್ಲಪ್ಪ."