ಗೌರಿ ತುಳಿಯಲಿಲ್ಲ

ಆ ಕರುವಿನ ಕಾಲು ಮುರಿದವನು ನಾನು. ಮೂರು ವರ್ಷ ಈ ಮಾತನ್ನು ನುಂಗಿಕೊಂಡಿದ್ದೆ.

ಪುಣೆಯಲ್ಲಿ ನಾನು ಪಶುವೈದ್ಯ. ದನಕರುಗಳ ಮೂಳೆ ಕೂಡಿಸುವುದರಲ್ಲಿ ಹೆಸರು ಮಾಡಿದವನು. ಹತ್ತಿರದ ತಳೇಗಾಂವದಲ್ಲಿದ್ದ ಶಾಂತಕ್ಕ ಮೂಲತಃ ಧಾರವಾಡದ ಕಡೆಯವರು. ಕನ್ನಡದ ಡಾಕ್ಟರು ಎಂಬ ಅಭಿಮಾನಕ್ಕೇ ನನ್ನನ್ನು ಕರೆಸುತ್ತಿದ್ದರು. ಅವರ ಹಸು ಗೌರಿಗೆ ಅದು ಚೊಚ್ಚಲು. ಕರು ಅರ್ಧಕ್ಕೆ ಸಿಕ್ಕಿಕೊಂಡಿತ್ತು. ನೋವು ಬಂದಾಗ ಮಾತ್ರ, ಅದರ ಜೊತೆಗೇ ಎಳೆಯಬೇಕು — ಗೊತ್ತಿತ್ತು. ಆದರೆ ನನಗೆ ಬೇರೆಡೆ ಹೋಗುವ ಅವಸರ. ಮುಂಗಾಲಿಗೆ ಹಗ್ಗ ಬಿಗಿದು ಜಗ್ಗಿದೆ. ಲಟಕ್ಕೆಂದಿತು —

ಶಾಂತಕ್ಕ ಬಿಸಿನೀರು ತರಲು ಒಳಗೆ ಹೋಗಿದ್ದರು. ಮರಳಿದಾಗ ಗೌರಿ ಎದ್ದು ನಿಂತು ಕರುವನ್ನು ನೆಕ್ಕುತ್ತಿದ್ದಳು. ಜೋತಾಡುತ್ತಿದ್ದ ಕಾಲನ್ನು ಕಂಡು, "ಇದಕ್ಕೇನಾತ್ರೀ ಸಾಹೇಬ್ರ?" ಎಂದರು.

"ಏಳುವಾಗ ತಾಯಿನೇ ಅದರ ಕಾಲ ತುಳದದ ರೀ," ಎಂದೆ.

ಮರುದಿನ ನನ್ನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ. ಎಳೆಯ ಮೂಳೆಗೆ ಅಡ್ಡಲಾಗಿ ಉಕ್ಕಿನ ಸಣ್ಣ ಸರಳುಗಳನ್ನು ತೂರಿಸಿ, ಹೊರಗಿನಿಂದ ಕಂಬಿಗೆ ಬಿಗಿದೆ. ಅಷ್ಟು ಚೊಕ್ಕ ಕೆಲಸ ನಾನೆಂದೂ ಮಾಡಿರಲಿಲ್ಲ. ಹೆಮ್ಮೆಯೂ ಪಟ್ಟೆ — ಇದನ್ನು ಹೇಗೆ ಹೇಳಲಿ...

ಕರುವನ್ನು ಮನೆಗೆ ಒಯ್ಯುವಾಗ ಶಾಂತಕ್ಕ ಕೇಳಿದರು, "ತಾಯಿ ಹತ್ರ ಬಿಡ್ಲೇನ್ರೀ?"

ಆಗಲಾದರೂ — ಇಲ್ಲ. "ಬ್ಯಾಡ್ರಿ, ಮತ್ತ ತುಳದೀತು. ದೂರ ಕಟ್ರಿ," ಎಂದೆ.

ಮೂರು ದಿನ ಗೌರಿ ಕೂಗಿಯೇ ಕೂಗಿದಳಂತೆ. ನಾಲ್ಕನೆಯ ದಿನ ಹಗ್ಗ ಹರಿದುಕೊಂಡು ಕರುವಿನ ಬಳಿ ಬಂದಳು. ಶಾಂತಕ್ಕ ಗಾಬರಿಯಿಂದ ಬಿದಿರುಗೋಲಿನಲ್ಲಿ ಮುಖಕ್ಕೇ ಬಡಿದರು. ಒಂದು ಕಣ್ಣು ಹೋಯಿತು. ಆ ಕಣ್ಣಿಗೆ ಔಷಧಿ ಹಾಕಿದವನೂ ನಾನೇ, ಬಾಯಿ ಬಿಡಲಿಲ್ಲ. ಕರು ತುಳಿಯುವ ಹಸು ಬೇಡವೆಂದು ಮುಂದಿನ ವಾರ ಅವಳನ್ನು ಸಂತೆಗೆ ಹೊಡೆದೊಯ್ದು ಮಾರಿದರು. ಕೊಂಡವನು ಹಾಲಿಗಾಗಿ ಕೊಂಡಿರಲಿಲ್ಲ.

ಕರು ನೆಟ್ಟಗೆ ನಡೆಯಿತು. ಅದರ ಎಕ್ಸ್-ರೇಗಳನ್ನು ವಿದ್ಯಾರ್ಥಿಗಳಿಗೆ ತೋರಿಸಿ ಚಪ್ಪಾಳೆ ಗಿಟ್ಟಿಸಿದೆ.

ಕಳೆದ ತಿಂಗಳು ಅದೇ ಕರು ಬೆಳೆದು ಹಸುವಾಗಿ ಈಯಿತು. ನನ್ನನ್ನೇ ಕರೆಸಿದ್ದರು; ಹೆರಿಗೆ ಸಲೀಸಾಗಿ ಆಯಿತು. ಆದರೆ ಶಾಂತಕ್ಕ ಹೊಸ ಕರುವನ್ನು ತಾಯಿಯಿಂದ ಎಳೆದು ದೂರ ಕಟ್ಟಿದರು. "ಇದಕ್ಕೂ ಇದರವ್ವನ ಗುಣ ಬಂದಿದ್ರ ಏನ್ ಮಾಡೋದ್ರಿ?"

ಅಲ್ಲೇ ಹೇಳಿದೆ. ಎಲ್ಲವನ್ನೂ.

ಅವರು ಅಳಲಿಲ್ಲ. ತಮ್ಮ ಕೈ ನೋಡಿಕೊಂಡರು. "ನಾ ಆಕೀ ಕಣ್ಣ ಒಡದೇನ್ರಿ," ಎಂದರು. ಆಮೇಲೆ ಕರುವಿನ ಹಗ್ಗ ಬಿಚ್ಚಿ ತಾಯಿಯ ಬಳಿ ಬಿಟ್ಟು, ನನಗೆ ಬೆನ್ನು ಮಾಡಿ ನಿಂತರು. "ಇನ್ನ ಬರಬ್ಯಾಡ್ರಿ."

ಚೀಲ ಎತ್ತಿಕೊಂಡು ಹೊರಬಂದೆ. ಹೇಳಿದ ಮೇಲೆ ಹಗುರಾಯಿತೇ ಎಂದರೆ — ಹೌದು, ರಸ್ತೆಗೆ ಬರುವಷ್ಟರಲ್ಲಿ ಸ್ವಲ್ಪ ಹಗುರಾಗಿತ್ತು. ಅದಕ್ಕಿಂತ ಹೇಸಿಗೆಯದು ನನ್ನಲ್ಲಿ ಮತ್ತೇನೂ ಇಲ್ಲ.